ಮಂಡಿನೋವಿಗೆ ವಿಡಿಯೋ ಕರೆ ಸಾಕೇ?

ಮಂಡಿನೋವು ಎಂದರೆ ನಮ್ಮಲ್ಲಿ ಮೊದಲು ಎಣ್ಣೆ, ಆಮೇಲೆ ಮಾತ್ರೆ, ಕೊನೆಗೆ ಆಪರೇಷನ್. ನಡುವೆ ಬರಬೇಕಾದ ವ್ಯಾಯಾಮದ ಮಾತೆತ್ತಿದರೆ, 'ಸವೆದ ಕೀಲನ್ನು ಇನ್ನಷ್ಟು ಸವೆಸಬೇಕೇ?' ಎಂಬ ಪ್ರಶ್ನೆ ಸಿದ್ಧ.

ಭಯ ಸಹಜ, ಆದರೆ ತಪ್ಪು. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಗೆ ಆಸರೆ ಹೆಚ್ಚು. ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ಕೀಲು ಸವೆತವಿರುವ ಎಲ್ಲರಿಗೂ ವ್ಯಾಯಾಮವನ್ನೇ ಹೇಳಿತು. ಪ್ಯಾರಾಸಿಟಮಾಲನ್ನು ವಾಡಿಕೆಯಂತೆ ಕೊಡಬೇಡಿ ಎಂದಿತು.

ಆದರೆ ವ್ಯಾಯಾಮ ಕಲಿಸುವ ಫಿಸಿಯೋಥೆರಪಿಸ್ಟ್, ಅಂದರೆ ಫಿಸಿಯೋ, ಇರುವುದು ದೂರದ ಪೇಟೆಯಲ್ಲಾದರೆ? ಆಸ್ಟ್ರೇಲಿಯಾದ ಸಂಶೋಧಕರು ಬಹುಕಾಲದ ಮಂಡಿನೋವಿದ್ದ 394 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಕ್ಲಿನಿಕ್ಕಿಗೆ ಹೋಯಿತು, ಇನ್ನೊಂದು ಮನೆಯಿಂದಲೇ ವಿಡಿಯೋ ಕರೆಯಲ್ಲಿ ಫಿಸಿಯೋ ಜೊತೆ ಮಾತಾಡಿತು. ಮೂರು ತಿಂಗಳಲ್ಲಿ ಐದು ಭೇಟಿ, ಅಷ್ಟೇ. 2024ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಫಲಿತಾಂಶದಂತೆ, ನೋವಿನ ಇಳಿಕೆಯಲ್ಲಾಗಲಿ ಓಡಾಟದಲ್ಲಾಗಲಿ ವಿಡಿಯೋ ಗುಂಪು ಹಿಂದೆ ಬೀಳಲಿಲ್ಲ.

ಇದರಲ್ಲಿ ಪವಾಡವೇನಿಲ್ಲ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಕಾಲು ನೀಟಾಗಿ ಚಾಚಿ ಹಿಡಿಯುವುದು, ಮೆಟ್ಟಿಲು ಹತ್ತಿಳಿಯುವುದು: ಇವನ್ನು ಮಾಡಬೇಕಾದವರು ರೋಗಿಯೇ. ಫಿಸಿಯೋ ನೋಡಿ, ತಿದ್ದಿ, ಭಾರ ಏರಿಸುತ್ತಾರೆ.

ಹಾಗೆಂದು ವಾಟ್ಸ್‌ಆ್ಯಪ್‌ನಲ್ಲಿ ತೇಲಿಬರುವ 'ಏಳು ದಿನದಲ್ಲಿ ಮಂಡಿನೋವು ಮಾಯ' ವಿಡಿಯೋ ಫಿಸಿಯೋಥೆರಪಿಯಲ್ಲ. ಅಲ್ಲಿ ಎದುರಿನವರ ಮಂಡಿಯನ್ನು ಯಾರೂ ನೋಡಿರುವುದಿಲ್ಲ. ಕೀಲು ಊದಿ ಬಿಸಿಯಾಗಿ ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ಮೊಬೈಲ್ ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೊರಡಬೇಕು.