ಕಾರ್ಖಾನೆ ಬಿಟ್ಟು ಮಾರಾಟಕ್ಕೆ ಹೊರಡುವುದೆ?

ಹೊಸೂರು, ತಳಿ, ಡೆಂಕಣಿಕೋಟೆ ಸೀಮೆಯ ನಮ್ಮ ಅನೇಕ ಮನೆಗಳ ತರುಣರು ಸಿಪ್ಕಾಟ್ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ. ಅಂಥವರಲ್ಲಿ ಕೆಲವರಿಗೆ ಬೇರೊಂದು ಕಡೆಯಿಂದ ಕರೆ ಬರುವುದುಂಟು. ಬೀಜ, ಕೀಟನಾಶಕ, ಹನಿ ನೀರಾವರಿಯ ಕೊಳವೆ ಮಾರುವವರು ಬಂದು, “ಪಾಳಿಯ ದುಡಿಮೆ ಏಕಪ್ಪ? ಬೈಕು ಹತ್ತಿ ಊರೂರು ತಿರುಗು, ಮಾರಿದಷ್ಟೂ ನಿನ್ನದೇ” ಎನ್ನುತ್ತಾರೆ. ಇದು ಹುಡುಗನೊಬ್ಬನೇ ತೀರ್ಮಾನಿಸತಕ್ಕ ವಿಷಯವಲ್ಲ. ಎಷ್ಟೋ ಮನೆಗಳಲ್ಲಿ ಅವನ ಸಂಬಳದಿಂದಲೇ ಹೊಲಕ್ಕೆ ಗೊಬ್ಬರ ಬರುವುದು.

ಮಾರಾಟ ಕೀಳು ಕಸುಬೆಂದು ಹೇಳುವವನು ನಾನಲ್ಲ. ಬೆಳೆಯಬಲ್ಲ ನಾವು ಮಾರಲರಿಯದೆ ಎಷ್ಟು ಸಲ ಟೊಮೇಟೊ ಬುಟ್ಟಿಗಳನ್ನು ದಳ್ಳಾಳಿ ಹೇಳಿದ ಬೆಲೆಗೆ ಸುರಿದು ಬಂದಿಲ್ಲ! ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಆಡುವ ಗಡಿಯ ಹುಡುಗ ಯಾವ ಕಂಪನಿಗಾದರೂ ಬೇಕಾದವನೇ. ಕಂಪನಿಯವರಿಗೆ ಇದು ಚೆನ್ನಾಗಿ ಗೊತ್ತು. ನಮ್ಮವರಿಗೆ ಗೊತ್ತಿಲ್ಲ, ಆದುದರಿಂದ ಅಗ್ಗಕ್ಕೆ ಒಪ್ಪಿಬಿಡುತ್ತಾರೆ.

ಮೊದಲು ಬೈಕಿನ ಲೆಕ್ಕ. ದಿನಕ್ಕೆ 80 ಕಿಲೋಮೀಟರು ತಿರುಗಿದರೆ 2 ಲೀಟರು ಪೆಟ್ರೋಲು. 25 ದಿನಕ್ಕೆ 50 ಲೀಟರು. ಲೀಟರಿಗೆ 100 ರೂಪಾಯಿಯಂತೆ ಹಿಡಿದರೂ ತಿಂಗಳಿಗೆ 5,000 ರೂಪಾಯಿ. ಇದನ್ನು ಯಾರು ಕೊಡುತ್ತಾರೆ? ಕಮಿಷನ್ನಿನಲ್ಲೇ ಸೇರಿದೆಯೆಂದರೆ, ಆ ಕಮಿಷನ್ನು ಹೇಳಿದಷ್ಟು ದೊಡ್ಡದಲ್ಲ.

ಇನ್ನು ಭವಿಷ್ಯನಿಧಿ. ಕಾರ್ಖಾನೆಯಲ್ಲಿ ಆಳಿನ ಸಂಬಳದಿಂದ ನೂರಕ್ಕೆ 12 ಹಿಡಿದರೆ, ಮಾಲೀಕನೂ ಅಷ್ಟೇ ಹಾಕಬೇಕು. 1995ರ ಪಿಂಚಣಿ ಯೋಜನೆಯಂತೆ 10 ವರ್ಷದ ಸೇವೆಯಾದವನಿಗೆ ಮುಂದೆ ಮಾಹೆಯಾನ ಪಿಂಚಣಿಯ ಹಕ್ಕುಂಟು. ಐದು ವರ್ಷ ತುಂಬಿದ ಕಾಯಂ ನೌಕರನಿಗೆ ವರ್ಷಕ್ಕೆ 15 ದಿನದ ವೇತನದಂತೆ ಗ್ರಾಚ್ಯುಯಿಟಿ. ನಾಲ್ಕೂವರೆ ವರ್ಷಕ್ಕೆ ಬಿಟ್ಟು ಬರುವವನಿಗೆ ಆರು ತಿಂಗಳು ತಡೆಯೆಂದು ಹೇಳುವ ಹಿರಿಯರು ಮನೆಯಲ್ಲಿರಬೇಕು. ಹೊಸ ಕಡೆಯೂ ಭವಿಷ್ಯನಿಧಿ ಇದ್ದರೆ ಹಳೆಯ ಸೇವೆ ಕೂಡಿಕೊಂಡು ಹೋಗುತ್ತದೆ. ಬರಿಯ ಕಮಿಷನ್ ಏಜೆಂಟನಿಗೆ ಇದೊಂದೂ ಇಲ್ಲ.

ಆದರೆ ನನ್ನ ನಿಜವಾದ ಅಂಜಿಕೆ ಹಣದ್ದಲ್ಲ. ಕಂಪನಿ ಹುಡುಗನನ್ನು ಆರಿಸುವಾಗ ಅವನ ಬಂಧುಬಳಗವನ್ನೂ ಎಣಿಸುತ್ತದೆ. ಮೊದಲ ಹಂಗಾಮಿನಲ್ಲಿ ಮಾವ, ಚಿಕ್ಕಪ್ಪ, ಪಕ್ಕದ ಹೊಲದವರು “ನಮ್ಮ ಹುಡುಗ” ಎಂದು ಕೊಳ್ಳುತ್ತಾರೆ, ಅದರಲ್ಲೂ ಸಾಲಕ್ಕೆ. ಬೀಜ ಮೊಳೆಯದೆ ಹೋದರೆ ಕಂಪನಿಯ ಅಧಿಕಾರಿ ದೂರದ ಪಟ್ಟಣದಲ್ಲಿರುತ್ತಾನೆ. ಅರಳಿಕಟ್ಟೆಯ ಮುಂದೆ ಹಾದುಹೋಗಬೇಕಾದವನು ಹುಡುಗ. ಬಾಕಿ ವಸೂಲಾಗದಿದ್ದರೆ ತನ್ನ ಸಂಬಳದಿಂದ ತುಂಬುವವನೂ ಅವನೇ. ಮಾರ್ಚಿಯೊಳಗೆ ಗುರಿ ಮುಟ್ಟಬೇಕೆಂದು, ರೋಗವೇ ಇಲ್ಲದ ಕೋಸಿಗೆ ಔಷಧ ಹೊಡೆಸುವ ಆಸೆ ಆಗಲೇ ಹುಟ್ಟುವುದು. ಡಬ್ಬಿಯ ಮೇಲಿನ ಕೆಂಪು ತ್ರಿಕೋನ ಅತ್ಯಂತ ಘೋರ ವಿಷದ ಗುರುತು. ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಇಷ್ಟನ್ನೂ ತಿಳಿಯದವನು ಕೀಟನಾಶಕ ಮಾರಲು ಹೊರಡಬಾರದು.

ಮೊದಲು ನೀನು ಹಣ ಕಟ್ಟು, ಆಮೇಲೆ ಹತ್ತು ಮಂದಿಯನ್ನು ಸೇರಿಸು ಎನ್ನುವ ಸರಪಳಿ ವ್ಯಾಪಾರದ ಮಾತೇ ಬೇಡ. ಹಣ ಚಲಾವಣೆಯ ಯೋಜನೆಗಳನ್ನು 1978ರ ಕಾಯಿದೆ ನಿಷೇಧಿಸಿದೆ. ಆದರೂ ಹೊಸ ವೇಷದಲ್ಲಿ ಬರುತ್ತಲೇ ಇವೆ.

ನಿಗದಿಯ ಸಂಬಳ, ಭವಿಷ್ಯನಿಧಿ, ಪ್ರಯಾಣದ ಖರ್ಚು, ಇವು ಮೂರೂ ನೇಮಕದ ಪತ್ರದಲ್ಲಿದ್ದರೆ ಧಾರಾಳವಾಗಿ ಹೋಗಲಿ. ಬರಿಯ ಕಮಿಷನ್ನಾದರೆ ಬೇಡ. ಸಹಿ ಹಾಕುವ ಮೊದಲು ವಾರದ ರಜೆಗಳಲ್ಲಿ ಹಳೆಯ ಮಾರಾಟಗಾರನೊಬ್ಬನ ಹಿಂದೆ ಕುಳಿತು ತಿರುಗಿ ಬರಲಿ. ಅದೂ ಮುಂಗಾರಿನ ಭರಾಟೆಯಲ್ಲಲ್ಲ, ಕೊಳವೆಬಾವಿಗಳು ಬತ್ತಿ ಕೊಳ್ಳುವವರೇ ಇಲ್ಲದ ಏಪ್ರಿಲ್ ಬಿಸಿಲಿನಲ್ಲಿ. ಮತ್ತೊಂದು ಷರತ್ತನ್ನೂ ಕೇಳಿ ಬರೆಸಿಕೊಳ್ಳಲಿ: ಮೊದಲ ಎರಡು ವರ್ಷ ತನ್ನ ಊರಿನ ಫಿರ್ಕಾ ಬಿಟ್ಟು ಬೇರೆ ಕಡೆ ಕೆಲಸ. ಇದಕ್ಕೆ ಕಂಪನಿ ಒಪ್ಪದಿದ್ದರೆ, ಅದಕ್ಕೆ ಬೇಕಾದದ್ದು ಹುಡುಗನೋ ಅವನ ನೆಂಟರೋ ಎಂಬುದು ಅಲ್ಲಿಯೇ ತಿಳಿಯುತ್ತದೆ.