ಮಾತೂ ಒಂದು ಮದ್ದು

ನಮ್ಮ ವಿದ್ಯಾರಣ್ಯಪುರಂ ಬೀದಿಯಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ. ವಿಚಾರವನ್ನು ಗೇಟಿನ ಹತ್ತಿರ ನಿಂತು ಧಾರಾಳವಾಗಿ ಮಾತಾಡ್ತೀವಿ. ಮನಸ್ಸಿನ ಕಾಯಿಲೆ ಅಂದ್ರೆ ಮಾತ್ರ ದನಿ ತಗ್ಗುತ್ತೆ.

1880-82ರಲ್ಲಿ ವಿಯೆನ್ನಾದ ಬರ್ತಾ ಪಾಪೆನ್‌ಹೈಮ್ ಎಂಬ ತರುಣಿ ಕಾಯಿಲೆಯ ಅಪ್ಪನ ಆರೈಕೆ ಮಾಡ್ತಾ ತಾನೇ ಹಾಸಿಗೆ ಹಿಡಿದಳು. ಡಾ. ಬ್ರೂಯರ್ ಎದುರು ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಂಡಾಗ ಹಗುರಾಗುತ್ತಿತ್ತು. ಅದಕ್ಕೆ 'ಮಾತಿನ ಚಿಕಿತ್ಸೆ' ಅಂತ ಹೆಸರಿಟ್ಟವಳು ಅವಳೇ. ತಮಾಷೆಗೆ 'ಹೊಗೆಗೂಡು ಗುಡಿಸೋದು' ಅಂತಲೂ ಅಂದಳಂತೆ! ಫ್ರಾಯ್ಡ್ ಮುಂದೆ ಇದರಿಂದಲೇ ಮನೋವಿಶ್ಲೇಷಣೆಯ ಶಾಸ್ತ್ರ ಕಟ್ಟಿದರು. ಆದರೆ ಅಷ್ಟರಿಂದಲೇ ಬರ್ತಾ ವಾಸಿಯಾಗಲಿಲ್ಲ, ಆಮೇಲೂ ಆಸ್ಪತ್ರೆ ಸೇರಬೇಕಾಯಿತು ಎಂದು ಹಳೆಯ ದಾಖಲೆ ಹುಡುಕಿದ ಸಂಶೋಧಕರು ತೋರಿಸಿದ್ದಾರೆ.

ಕಲ್ಕತ್ತೆಯಲ್ಲಿ ಡಾ. ಗಿರೀಂದ್ರಶೇಖರ ಬೋಸ್ 1922ರಲ್ಲಿ ಮನೋವಿಶ್ಲೇಷಣೆಯ ಸಂಘ ಕಟ್ಟಿದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಬೆಳೆಸಿದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮನೆಯಿಂದ 'ಆಕಾಶವಾಣಿ' ಬಾನುಲಿ ಆರಂಭಿಸಿದವರು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದ ನಮ್ಮ ತ್ರಿವೇಣಿ, ಆ ವಿದ್ಯೆಯನ್ನು ಕಾದಂಬರಿಗಳ ಮೂಲಕ ನಮ್ಮ ಅಡುಗೆಮನೆವರೆಗೂ ತಂದರು.

'ಶರಪಂಜರ'ದ ಕಾವೇರಿ ನೆನಪಿದ್ದಾಳಲ್ಲವೇ? 1971ರ ಸಿನಿಮಾದಲ್ಲಿ ಕಲ್ಪನಾ ಮಾಡಿದ ಪಾತ್ರ. ಬಾಣಂತನದಲ್ಲಿ ಬುದ್ಧಿ ಕದಡಿತು, ಆಸ್ಪತ್ರೆಯಲ್ಲಿ ವಾಸಿಯೂ ಆಯಿತು. ಮನೆಗೆ ಬಂದರೆ ಎಲ್ಲರ ಕಣ್ಣಲ್ಲೂ ಅನುಮಾನ. ಡಾಕ್ಟರು ಕೂಡಿಸಿದ್ದನ್ನು ಮನೆಯವರು ಮತ್ತೆ ಒಡೆದರು.

ಬಾಣಂತಿ ನಿದ್ದೆಗೆಟ್ಟು ಇಲ್ಲದ್ದು ಕಾಣುತ್ತೆ, ಕೇಳುತ್ತೆ ಅಂದರೆ, ತನಗೋ ಮಗುವಿಗೋ ಏನಾದರೂ ಮಾಡೋ ಮಾತಾಡಿದರೆ ದೃಷ್ಟಿ ತೆಗೆಯುತ್ತಾ ಕೂರಬೇಡಿ. ಅಲ್ಲಿ ಬರೀ ಮಾತು ಸಾಲದು. ಒಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ, ಮಗು ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗ 2009ರಿಂದ ಇದೆ. 2022ರಲ್ಲಿ ಶುರುವಾದ ಸರ್ಕಾರದ 'ಟೆಲಿ ಮನಸ್'ಗೆ, 14416ಕ್ಕೆ, ಖರ್ಚಿಲ್ಲದೆ ಫೋನ್ ಮಾಡಿ ಕನ್ನಡದಲ್ಲೇ ಹೇಳಿಕೊಳ್ಳಬಹುದು.

ಇನ್ನು ವಾಸಿಯಾಗಿ ಬಂದವಳ ವಿಚಾರ. ಮಾತ್ರೆ ಡಾಕ್ಟರು ಹೇಳಿದಷ್ಟು ದಿನ ನಡೆಯಲಿ. ಅವಳು ನಕ್ಕರೆ, ಅತ್ತರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಬೇಡಿ. "ಬಾಮ್ಮ, ಅವರೆಕಾಯಿ ಸುಲಿಯೋಣ" ಅನ್ನಿ. ಕೈಗೆ ಕೆಲಸ ಸಿಕ್ಕರೆ ಮಾತು ತಾನಾಗಿ ಬರುತ್ತೆ. ಬುದ್ಧಿ ಹೇಳದೆ ಕೇಳಿ. ಕೇಳಿದ್ದು ಪಕ್ಕದ ಮನೆಗೆ ಹೋಗದಿರಲಿ.