ಜೋಡಿ ಹಚ್ಚುವವನ ಮುಖ ಕಾಣಬೇಕು

ನಮ್ಮ ಚಿಕ್ಕೋಡಿ, ರಾಯಬಾಗ ಕಡೆ ಜಾತ್ರೆಯ ಕುಸ್ತಿ ನೋಡಿದವರಿಗೆ ಗೊತ್ತು, ಮೊದಲು ಹಿರಿಯರು ಜೋಡಿ ಹಚ್ಚುತ್ತಾರೆ. ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸಿ ಎತ್ತರ, ಭುಜ, ತೋಳು ನೋಡ್ತಾರೆ. ಜೋಡಿ ಸರಿ ಇಲ್ಲ ಅಂದ್ರೆ ಸುತ್ತ ಕೂತ ಜನವೇ ಕೂಗ್ತಾರೆ: "ಏ ಕಾಕಾ, ಬರೋಬರಿ ಇಲ್ರಿ, ಹುಡುಗ ಸಣ್ಣಾವ ಅದಾನ!" ಕಾಕಾ ತಪ್ಪು ಮಾಡಬಹುದು, ತನ್ನ ಅಣ್ಣನ ಮಗನಿಗೆ ಹಗುರದ ಜೋಡಿ ಕೊಡಲೂಬಹುದು. ಆದರೆ ಮಾಡುವುದೆಲ್ಲ ಊರಿನ ಕಣ್ಣೆದುರು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಕ್ಕನ ಮಗ ಮೊಬೈಲ್ ಹಿಡಿದು ಮೂಲೆಯಲ್ಲಿ ಕೂತಿದ್ದ. ನಾಲ್ವರ ತಂಡದ ಶೂಟಿಂಗ್ ಗೇಮ್. ಸಾಲಾಗಿ ಏಳು ಮ್ಯಾಚ್ ಸೋತಿದ್ದ. "ನನಗ ಆಡಾಕ ಬರೂದಿಲ್ಲ ಬಿಡ ಮಾಮಾ" ಅಂದ. ನಿನ್ನ ತಂಡದಾಗ ಯಾರಿದ್ರೋ? ಗೊತ್ತಿಲ್ಲ. ಎದುರಿನವರು ಮನುಷ್ಯರೋ, ಬಾಟ್‌ಗಳೋ? ಗೊತ್ತಿಲ್ಲ. ಎದುರಿನ ನಾಲ್ವರೂ ಒಂದೇ ಹಾಸ್ಟೆಲ್ ರೂಮಿನಲ್ಲಿ ಕೂತು ಮಾತಾಡ್ಕೊಂಡು ಆಡಿದ್ದರೂ ಇವನಿಗೆ ತಿಳಿಯೋದಿಲ್ಲ. ಹದಿನಾಲ್ಕರ ಹುಡುಗ ತನಗೆ ಕಾಣದ ಲೆಕ್ಕದ ತೀರ್ಪನ್ನು ತನ್ನ ಯೋಗ್ಯತೆ ಅಂದುಕೊಂಡಿದ್ದ.

ಚೆಸ್‌ನಲ್ಲಿ ಹೀಗಿಲ್ಲ. ಅರ್ಪಾಡ್ ಎಲೋ ಎಂಬ ಭೌತಶಾಸ್ತ್ರದ ಮೇಷ್ಟ್ರು ಕಟ್ಟಿದ ರೇಟಿಂಗ್ ಪದ್ಧತಿಯನ್ನು ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಸೂತ್ರ ಬಹಿರಂಗ, ಯಾರು ಬೇಕಾದರೂ ಪೆನ್ನು ಹಿಡಿದು ತಾಳೆ ನೋಡಬಹುದು. ತಂಡದಾಟದ ಲೆಕ್ಕ ಇದಕ್ಕಿಂತ ಕಷ್ಟ ಅಂತ ಕೋಡ್ ಬರೆಯುವವನಾಗಿ ನಾನೂ ಒಪ್ತೀನಿ. ಆಟಗಾರರ ಮಟ್ಟ ಸಮ ಇರಬೇಕು, ಪಿಂಗ್ ಕಡಿಮೆ ಇರಬೇಕು, ಕಾಯುವ ಹೊತ್ತೂ ಕಡಿಮೆ ಇರಬೇಕು. ಮೂರೂ ಒಟ್ಟಿಗೆ ಸಿಗೋದು ಅಪರೂಪ. ಅಥಣಿಯ ತೋಟದ ಮನೆಯಲ್ಲಿ ಕೂತವನಿಗೆ ಬೆಂಗಳೂರಿನ ಫೈಬರ್ ಸಿಗೋದಿಲ್ಲ. ಈ ಹೊಂದಾಣಿಕೆಯ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಇರುವುದು ಲೆಕ್ಕದ ಗುರಿಯ ಬಗ್ಗೆ. 2017ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್‌ನ ಸಂಶೋಧಕರೂ ಸೇರಿ ಬರೆದ ಒಂದು ಪ್ರಬಂಧ ಬಂತು. ಅದು ಹುಡುಕಿದ್ದು ಸರಿಸಮ ಜೋಡಿಯನ್ನಲ್ಲ, ಆಟಗಾರ ಆಟ ಬಿಟ್ಟು ಹೋಗದಂಥ ಜೋಡಿಯನ್ನು. ಅದೇ ವರ್ಷ ಆಕ್ಟಿವಿಷನ್‌ಗೆ ಒಂದು ಪೇಟೆಂಟ್ ಸಿಕ್ಕಿತು: ಹೊಸಬನನ್ನು ಒಳ್ಳೆಯ ಬಂದೂಕು ಇಟ್ಟುಕೊಂಡ ನುರಿತವನ ಜೊತೆ ಆಡಿಸಿ, ಅದನ್ನೇ ಕೊಳ್ಳುವ ಆಸೆ ಹುಟ್ಟಿಸುವ ವಿಧಾನ. ಯಾವ ಗೇಮಿನಲ್ಲೂ ಬಳಸಿಲ್ಲ ಎಂದಿತು ಕಂಪನಿ. ಇರಬಹುದು. ಆದರೆ ನಾಳೆ ಯಾರಾದರೂ ಬಳಸಿದರೂ ನಮಗೆ ಕಾಣೋದು ಸ್ಕ್ರೀನ್ ಮೇಲೆ ಸುತ್ತುವ ಅದೇ ಚಕ್ರ. ಜೋಡಿ ಹಚ್ಚುವ ಕಾಕಾನದೇ ಕಣದ ಪಕ್ಕ ಲಂಗೋಟಿ ಅಂಗಡಿ ಇದ್ದರೆ ಜನ ಸುಮ್ಮನಿರುತ್ತಿದ್ದರಾ?

"ಆಟ ತಾನೇ, ಬಿಡೋ" ಅಂತಾರೆ ಆಫೀಸಿನ ಗೆಳೆಯರು. ಅಪ್ರೈಸಲ್‌ನಲ್ಲಿ ಕಾರಣ ಹೇಳದೆ ರೇಟಿಂಗ್ ಇಳಿಸಿದರೆ ಎಚ್‌ಆರ್‌ಗೆ ಮೇಲ್ ಹಾಕುವವರೂ ಇವರೇ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ 2025ರ ಕೇಂದ್ರದ ಕಾಯ್ದೆಯೇ ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿದೆ. ಕ್ರೀಡೆ ಅಂದಮೇಲೆ ಕ್ರೀಡೆಯ ಮರ್ಯಾದೆಯೂ ಬೇಕು.

ಎಲ್ಲ ಬಿಚ್ಚಿಟ್ಟರೆ ಮೋಸಗಾರರು ದಾರಿ ಹುಡುಕ್ತಾರೆ ಅನ್ನೋ ವಾದವೂ ಇದೆ. ನಾನು ಕೋಡ್ ಕೇಳ್ತಿಲ್ಲ. ಮೂರೇ ಮಾತು ಕೇಳ್ತಿದ್ದೀನಿ. ಬಾಟ್ ಇದ್ದರೆ ಬಾಟ್ ಅಂತ ಹೇಳಿ. ಮ್ಯಾಚ್ ಮುಗಿದ ಮೇಲೆ ಎರಡೂ ತಂಡಗಳ ಮಟ್ಟ, ಪಿಂಗ್, ಯಾರು ಒಂಟಿಯಾಗಿ ಬಂದಿದ್ದರು, ಯಾರು ಗುಂಪು ಕಟ್ಟಿ ಬಂದಿದ್ದರು ಅನ್ನೋದನ್ನ ತೋರಿಸಿ. ಯಾರು ಎಷ್ಟು ಖರೀದಿ ಮಾಡಿದ್ದಾರೆ ಎಂಬ ಮಾಹಿತಿ ಜೋಡಿ ಹಚ್ಚುವ ಲೆಕ್ಕದೊಳಗೆ ಬರಕೂಡದು, ಇದನ್ನು ಹೊರಗಿನವರು ತಪಾಸಣೆ ಮಾಡಬೇಕು.

ಸೋಲೋದು ತಪ್ಪಲ್ಲ. ಮೈಮೇಲಿನ ಮಣ್ಣು ಕೊಡವಿಕೊಂಡು ಎದ್ದ ಪೈಲ್ವಾನನಿಗೆ ತಾನು ಯಾರಿಗೆ ಸೋತೆ ಅಂತ ಗೊತ್ತಿರ್ತದೆ, ಮುಂದಿನ ಜಾತ್ರೆಗೆ ತಯಾರಾಗ್ತಾನೆ. ನಮ್ಮ ಹುಡುಗನಿಗೂ ಅಷ್ಟು ಗೊತ್ತಾದರೆ ಸಾಕು.